ರಾತ್ರಿ ಮೂರಕ್ಕೆ ಎದ್ದು ಕುಣಿಯುವ ಮಗ: ಆಟಿಸಂ ಇರುವ ಮಕ್ಕಳ ನಿದ್ದೆ

ಪ್ರಶ್ನೆ: ಡಾಕ್ಟರೇ, ನಾವು ಹಾಸನದ ಹತ್ತಿರದ ಒಂದು ಊರಿನವರು. ಮಗನಿಗೆ 3 ವರ್ಷ 8 ತಿಂಗಳು. ಆಟಿಸಂ ಇದೆ ಎಂದು ನಾಲ್ಕು ತಿಂಗಳ ಹಿಂದೆ ಗೊತ್ತಾಯಿತು. ಎಂಟು ಹತ್ತು ಪದ ಮಾತ್ರ ಹೇಳುತ್ತಾನೆ. ರಾತ್ರಿ 1 ಗಂಟೆಯಾದರೂ ಮಲಗುವುದಿಲ್ಲ. ಮೊಬೈಲಿನಲ್ಲಿ ರೈಮ್ಸ್ ಹಾಕಿಕೊಟ್ಟರೆ ಮಾತ್ರ ಕಣ್ಣು ಮುಚ್ಚುತ್ತಾನೆ. 3 ಗಂಟೆಗೆ ಎದ್ದು ನಗುತ್ತಾ ಮಂಚದ ಮೇಲೆ ಕುಣಿಯುತ್ತಾನೆ. ಮತ್ತೆ ಮಲಗುವಾಗ 5. ಬೆಳಿಗ್ಗೆ ಏಳುವುದು 9ಕ್ಕೆ. ಮಧ್ಯಾಹ್ನ 3ರಿಂದ 5ರವರೆಗೆ ಒಂದು ನಿದ್ದೆ. ಮೊಸರನ್ನ, ಬಿಸ್ಕತ್ತು, ಹಾಲು ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ. ಹಾಲು ದಿನಕ್ಕೆ ಮುಕ್ಕಾಲು ಲೀಟರ್ ಬೇಕು. ಮಲಗಿದಾಗ ಕಾಲನ್ನು ಗೋಡೆಗೆ ಒತ್ತುತ್ತಾ ಇರುತ್ತಾನೆ, ಅದೊಂದು ಅಭ್ಯಾಸ. ನಿದ್ದೆ ಇಲ್ಲದ್ದಕ್ಕೇ ಮೆದುಳು ಬೆಳೆದಿಲ್ಲ, ನೀನು ಮೊದಲೇ ಸರಿಯಾಗಿ ಮಲಗಿಸಬೇಕಿತ್ತು ಅಂತ ಅತ್ತೆ ಹೇಳುತ್ತಾರೆ. ಇದು ನಿಜವೇ? ನಿದ್ದೆ ಬರಲಿ ಎಂದು ಮೆಡಿಕಲ್ ಶಾಪಿನವರು ಒಂದು ಕೆಮ್ಮಿನ ಸಿರಪ್ ಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ನಾದಿನಿ ನಿದ್ದೆಗೆಂದು ಮೆಲಟೋನಿನ್ ಗಮ್ಮಿ (ಅಗಿದು ತಿನ್ನುವ ಸಿಹಿ ಮಾತ್ರೆ) ಕಳಿಸುತ್ತೇನೆ ಅನ್ನುತ್ತಾಳೆ. ಆನ್‌ಲೈನಿನಲ್ಲಿ ನಿದ್ದೆ ಬರಿಸುತ್ತದೆ ಎನ್ನುವ ತೂಕದ ಹೊದಿಕೆ (ಬೇಕೆಂದೇ ಭಾರವಾಗಿ ಮಾಡಿದ ಕಂಬಳಿ) ನೋಡಿದೆ. ಯಾವುದು ತೆಗೆದುಕೊಳ್ಳಲಿ? ನಾನು ಸರಿಯಾಗಿ ಮಲಗಿ ಎರಡು ವರ್ಷವಾಯಿತು.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಗೋಡೆಗೆ ಕಾಲು ಒತ್ತುವ ಮಾತಿನ ಮೇಲೆ. ನೀವು ಅದನ್ನು ಅಭ್ಯಾಸ ಎಂದು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿಗೇ ವಾಪಸ್ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ಅತ್ತೆಯವರ ಮಾತಿಗೆ ಉತ್ತರ ಕೊಡಬೇಕು. ಅದು ನಿಮ್ಮ ಮನಸ್ಸಿನಲ್ಲಿ ಕೂತಿದೆ ಅಂತ ಗೊತ್ತಾಗುತ್ತಿದೆ.

ನಿದ್ದೆ ಕಡಿಮೆಯಾಗಿ ಆಟಿಸಂ ಬರುವುದಿಲ್ಲ. ನೀವು ತೊಟ್ಟಿಲು ತೂಗಿದ್ದು ಕಡಿಮೆಯಾಯಿತು ಅಂತಲೂ ಬರುವುದಿಲ್ಲ. ಆಟಿಸಂನ ಬೇರು ಬಹುಪಾಲು ಜೀನುಗಳಲ್ಲಿದೆ. ಮಗು ಹುಟ್ಟುವ ಮೊದಲೇ ಮೆದುಳು ಬೆಳೆಯುವ ದಾರಿ ಸ್ವಲ್ಪ ಬೇರೆಯಾಗಿರುತ್ತದೆ. ಅದೇ ಮೆದುಳು ನಿದ್ದೆಯನ್ನೂ ನಡೆಸಬೇಕಲ್ವಾ? ಹಾಗಾಗಿ ಎರಡೂ ಒಟ್ಟಿಗೆ ಕಾಣಿಸುತ್ತವೆ. ಅಮೆರಿಕದಲ್ಲಿ 400ಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮುಂದೆ ಆಟಿಸಂ ಇದೆ ಎಂದು ತಿಳಿದ ಮಕ್ಕಳಲ್ಲಿ ನಿದ್ದೆ ಹತ್ತುವ ತೊಂದರೆ 6ರಿಂದ 12 ತಿಂಗಳ ವಯಸ್ಸಿನಲ್ಲೇ ಹೆಚ್ಚಾಗಿ ಕಂಡಿತ್ತು. ಅಂದರೆ ಮಾತು ತಡವಾಯಿತು ಎಂದು ಯಾರಿಗೂ ಅನ್ನಿಸುವ ಮೊದಲೇ ನಿದ್ದೆ ಬೇರೆ ಥರ ಇತ್ತು. ಅದು ಕಾರಣ ಅಲ್ಲ, ಬೇಗ ಕಂಡ ಗುರುತು. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಅವರಿಗೂ ಮೊಮ್ಮಗನ ಚಿಂತೆಯೇ, ಮಾತು ಮಾತ್ರ ನಿಮ್ಮ ಕಡೆ ತಿರುಗಿದೆ.

ಹಾಗಂತ ಆಟಿಸಂ ಇದ್ದ ಮೇಲೆ ನಿದ್ದೆ ಹೀಗೇ ಎಂದು ಕೈಬಿಡುವುದೂ ತಪ್ಪು. ಹಾಗೆ ಹೇಳಿ ಕೈಬಿಡುವ ಡಾಕ್ಟರುಗಳೂ ಇದ್ದಾರೆ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ದೆಯ ತೊಂದರೆ ಇರುತ್ತದೆ, ಕೆಲವು ಅಧ್ಯಯನಗಳಲ್ಲಿ ಶೇ 80ರವರೆಗೂ ಕಂಡಿದೆ. ಆದರೆ ಅದರಲ್ಲಿ ತುಂಬಾ ಪಾಲು ಸರಿಪಡಿಸಬಹುದಾದದ್ದು. ನಿದ್ದೆ ಸರಿಯಾದರೆ ಆಟಿಸಂ ಹೋಗುವುದಿಲ್ಲ, ಮರುದಿನ ಮಾತು ಬಂದುಬಿಡುವುದೂ ಇಲ್ಲ. ಆದರೆ ಹಗಲಿನಲ್ಲಿ ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಬೆಳಗಿನ ಜಾವ 5ಕ್ಕೆ ಮಲಗಿದ ಮಗುವನ್ನು ಎಬ್ಬಿಸಿ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋದರೆ ಅದು ಅಳುತ್ತದೆ, ಥೆರಪಿಸ್ಟ್ 'ಕೋಆಪರೇಟ್ ಮಾಡಲ್ಲ' ಎಂದು ಬರೆಯುತ್ತಾರೆ, ನೀವು ಮಗುವಿಗೆ ಹಟ ಜಾಸ್ತಿ ಅಂದುಕೊಳ್ಳುತ್ತೀರಿ. ಇದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಈಗ ಲೆಕ್ಕ ಹಾಕೋಣ. ರಾತ್ರಿ 1ರಿಂದ 3, ಎರಡು ಗಂಟೆ. 5ರಿಂದ 9, ನಾಲ್ಕು ಗಂಟೆ. ಮಧ್ಯಾಹ್ನ ಎರಡು. ಒಟ್ಟು 8. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಬೇಕು. 'ಇವನಿಗೆ ನಿದ್ದೆಯೇ ಬೇಡ' ಎಂದು ಎಷ್ಟೋ ತಾಯಂದಿರು ಹೇಳುತ್ತಾರೆ. ಬೇಕು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳು ಓಡಾಡುತ್ತಾರೆ. ಅದಕ್ಕೇ ನಮಗೆ ಮೋಸವಾಗುವುದು.

ಇನ್ನು ಆ ಕಾಲಿನ ವಿಷಯ. ಮಲಗಿದಾಗ ಕಾಲಿನಲ್ಲಿ ಏನೋ ಹರಿದಾಡಿದಂತೆ, ಸೆಳೆದಂತೆ ಆಗುವ ಒಂದು ತೊಂದರೆ ಇದೆ. ದೊಡ್ಡವರಾದರೆ 'ಕಾಲು ಜುಮ್ ಅನ್ನುತ್ತೆ, ಒತ್ತು' ಅನ್ನುತ್ತಾರೆ. ಹತ್ತು ಪದ ಇರುವ ಮಗು ಏನು ಹೇಳಬೇಕು? ಗೋಡೆಗೆ ಒತ್ತುತ್ತದೆ, ಹಾಸಿಗೆಗೆ ಉಜ್ಜುತ್ತದೆ, ಅಮ್ಮನ ತೊಡೆ ಕೆಳಗೆ ಕಾಲು ತೂರಿಸುತ್ತದೆ. ಇದರ ಹಿಂದೆ ಬಹಳ ಸಲ ಇರುವುದು ಕಬ್ಬಿಣದ ಕೊರತೆ. ನಿಮ್ಮ ಮಗ ತಿನ್ನುವುದನ್ನು ನೋಡಿ: ಅನ್ನ, ಮೊಸರು, ಬಿಸ್ಕತ್ತು, ಮುಕ್ಕಾಲು ಲೀಟರ್ ಹಾಲು. ಇದರಲ್ಲಿ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಸಾಲದ್ದಕ್ಕೆ ಹಾಲು ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಜಾಗ ಬಿಡುವುದಿಲ್ಲ, ಇದ್ದ ಕಬ್ಬಿಣ ಮೈಗೆ ಹತ್ತುವುದನ್ನೂ ತಡೆಯುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 65 ಮಂದಿಗೆ ರಕ್ತಹೀನತೆ ಇದೆ ಎಂದು ಕೇಂದ್ರ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿತ್ತು. ಅದು ಎಲ್ಲ ಮಕ್ಕಳ ಲೆಕ್ಕ. ಎರಡು ಮೂರು ಪದಾರ್ಥ ಬಿಟ್ಟು ಬೇರೇನೂ ಮುಟ್ಟದ ಮಗುವಿನ ಕಥೆ ಇನ್ನೇನಿರಬೇಕು?

ಆದ್ದರಿಂದ ಮೊದಲ ಕೆಲಸ ರಕ್ತ ಪರೀಕ್ಷೆ. 'ಹಿಮೋಗ್ಲೋಬಿನ್ ನಾರ್ಮಲ್ ಇದೆ' ಅಂದರೆ ಅಲ್ಲಿಗೇ ನಿಲ್ಲಿಸಬೇಡಿ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಎಂಬ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹಿಮೋಗ್ಲೋಬಿನ್ ಅಡುಗೆಮನೆಯ ಡಬ್ಬದಲ್ಲಿರುವ ಅಕ್ಕಿ ಇದ್ದ ಹಾಗೆ, ಫೆರಿಟಿನ್ ಕಣಜದಲ್ಲಿರುವ ಭತ್ತ. ಡಬ್ಬ ತುಂಬಿದ್ದರೂ ಕಣಜ ಖಾಲಿ ಇರಬಹುದು. ಕಾಲಿನ ಚಡಪಡಿಕೆ ಇರುವ ಮಕ್ಕಳಲ್ಲಿ ಫೆರಿಟಿನ್ 50ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಔಷಧ ಕೊಟ್ಟು ನೋಡುವುದು ಈಗಿನ ರೂಢಿ. ಲ್ಯಾಬ್ ರಿಪೋರ್ಟಿನಲ್ಲಿ 15 ಇದ್ದರೂ ನಾರ್ಮಲ್ ಎಂದೇ ಬರೆದಿರಬಹುದು, ಅದನ್ನು ನೋಡಿ ಸುಮ್ಮನಾಗಬೇಡಿ. ಜ್ವರ, ನೆಗಡಿ ಇದ್ದಾಗ ಪರೀಕ್ಷೆ ಬೇಡ, ಆಗ ಫೆರಿಟಿನ್ ಸುಳ್ಳೇ ಮೇಲೆ ತೋರಿಸುತ್ತದೆ.

ಕಬ್ಬಿಣದ ಸಿರಪ್ ಮಗುವಿನ ತೂಕ ನೋಡಿ ಡಾಕ್ಟರೇ ಬರೆಯಬೇಕು. ಹಾಲಿನ ಜೊತೆ ಕೊಡಬೇಡಿ, ನಿಂಬೆ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಲಬದ್ಧತೆ ಆಗಬಹುದು, ಹಾಗೇನಾದರೂ ಆದರೆ ಡಾಕ್ಟರಿಗೆ ಹೇಳಿ. ಕಣಜ ತುಂಬಲು ತಿಂಗಳುಗಳೇ ಬೇಕು, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ಬಾಟಲಿಯನ್ನು ಬೀಗದೊಳಗೆ ಇಡಿ. ಮಕ್ಕಳು ಒಮ್ಮೆಲೇ ಕುಡಿದರೆ ಕಬ್ಬಿಣ ವಿಷವಾಗುತ್ತದೆ. ಹಾಲನ್ನು ನಿಧಾನವಾಗಿ ಅರ್ಧ ಲೀಟರಿಗಿಂತ ಕೆಳಗೆ ಇಳಿಸಿ. ಒಂದೇ ದಿನ ನಿಲ್ಲಿಸಿದರೆ ಅವನು ಊಟವನ್ನೂ ಬಿಡುತ್ತಾನೆ.

ಡಾಕ್ಟರ ಹತ್ತಿರ ಹೋದಾಗ ಇನ್ನೂ ಕೆಲವು ವಿಷಯ ಹೇಳಿ. ಗೊರಕೆ ಹೊಡೆಯುತ್ತಾನಾ, ಬಾಯಿ ತೆರೆದು ಮಲಗುತ್ತಾನಾ? ಹೌದಾದರೆ ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ಊದಿ ಉಸಿರಿಗೆ ಅಡ್ಡ ಬರುತ್ತಿರಬಹುದು. ಕಕ್ಕಸ್ಸಿಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತಾನೆ? ಹಲ್ಲು ಹುಳುಕಾಗಿದೆಯಾ? ಹೊಟ್ಟೆ ಬಿಗಿದು, ಹಲ್ಲು ನೋವಾಗಿ ಎದ್ದ ಮಗುವನ್ನು 'ಆಟಿಸಂ, ಅದಕ್ಕೇ ಏಳ್ತಾನೆ' ಅಂದುಬಿಡುವುದು ಸುಲಭ. ರಾತ್ರಿ 3ರ ನಗು ನಿಮ್ಮನ್ನು ಹೆದರಿಸಿದೆ ಅನ್ನಿಸುತ್ತದೆ. ಎರಡು ಗಂಟೆ ಕುಣಿಯುತ್ತಾ, ನೀವು ಕರೆದರೆ ತಿರುಗಿ ನೋಡುತ್ತಾ, ಆಟದ ಖುಷಿಯಲ್ಲಿ ನಗುತ್ತಿದ್ದರೆ ಅದು ಸಾಮಾನ್ಯವಾಗಿ ಫಿಟ್ಸ್ ಅಲ್ಲ. ಒಂದೇ ಥರದ ನಗು ಕೆಲವು ಸೆಕೆಂಡು ಬಂದು ನಿಲ್ಲುವುದು, ಆಗ ಕಣ್ಣು ಒಂದೇ ಕಡೆ ನೆಡುವುದು, ಕರೆದರೂ ಗೊತ್ತಾಗದೇ ಇರುವುದು, ಕೈಕಾಲು ಜಗ್ಗುವುದು: ಇವುಗಳಲ್ಲಿ ಏನಾದರೂ ಇದ್ದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಬೇರೆ ಮಕ್ಕಳಿಗಿಂತ ಜಾಸ್ತಿ, ಕೆಲವರಿಗೆ ಅದು ನಿದ್ದೆಯಲ್ಲೇ ಬರುತ್ತದೆ.

ಇದೆಲ್ಲ ಸರಿಯಾಗಿದ್ದರೂ ನಿದ್ದೆ ಏಕೆ ಬರುವುದಿಲ್ಲ? ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಒಂದು, ನಿದ್ದೆಯ ಹಸಿವು. ಎಚ್ಚರ ಇದ್ದಷ್ಟು ಹೊತ್ತೂ ಅದು ಏರುತ್ತದೆ. ಸಂಜೆ 5ರವರೆಗೆ ಎರಡು ಗಂಟೆ ಮಲಗಿದ ಮಗುವನ್ನು ರಾತ್ರಿ 9ಕ್ಕೆ ಮಲಗು ಅನ್ನುವುದು, ಸಂಜೆ ಹೊಟ್ಟೆ ತುಂಬಾ ಬೋಂಡಾ ತಿಂದವರಿಗೆ ಏಳಕ್ಕೆ ಮುದ್ದೆ ಬಡಿಸಿದ ಹಾಗೆ. ಇನ್ನೊಂದು, ಮೈಯೊಳಗಿನ ಗಡಿಯಾರ. ಕತ್ತಲಾದಾಗ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಾಸಾಯನಿಕ ಏರಿ 'ರಾತ್ರಿಯಾಯಿತು' ಎಂದು ಮೈಗೆಲ್ಲ ಹೇಳುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಇದು ಕಡಿಮೆ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಈ ಗಡಿಯಾರಕ್ಕೆ ದಿನಾ ಕೀಲಿ ಕೊಡುವುದು ಬೆಳಗಿನ ಬೆಳಕು. 9ಕ್ಕೆ ಎದ್ದು, 11ಕ್ಕೆ ಹೊರಗೆ ಬಂದು, ಮಧ್ಯರಾತ್ರಿ ಮೊಬೈಲಿನ ಬೆಳಕು ನೋಡಿದರೆ ಗಡಿಯಾರ ಹಿಂದೆ ಬೀಳುತ್ತಾ ಹೋಗುತ್ತದೆ. ನಿಮ್ಮ ಮಗ ಇರುವುದು ಹಾಸನದಲ್ಲಿ, ಅವನ ಗಡಿಯಾರ ಇರುವುದು ನಮಗಿಂತ ತಡವಾಗಿ ರಾತ್ರಿಯಾಗುವ ಯಾವುದೋ ದೇಶದಲ್ಲಿ.

ಮೂರನೆಯದೂ ಒಂದಿದೆ. ಬೇರೆ ಮಕ್ಕಳು ಮನೆಯವರನ್ನು ನೋಡಿಯೇ ಮಲಗುವ ಹೊತ್ತನ್ನು ಅರ್ಥ ಮಾಡಿಕೊಳ್ಳುತ್ತಾರೆ: ತಾತ ಬಾಗಿಲು ಹಾಕಿದರು, ಅಮ್ಮ ಹಾಸಿಗೆ ಬಿಡಿಸಿದಳು. ಈ ಸುಳಿವು ನಿಮ್ಮ ಮಗನಿಗೆ ತಲುಪದೇ ಇರಬಹುದು. ಆದರೆ ನಮಗೆ ಕೇಳಿಸದ ಫ್ಯಾನಿನ ಟಿಕ್ ಟಿಕ್, ಟ್ಯೂಬ್‌ಲೈಟಿನ ಗುಂಯ್, ಬನಿಯನ್ನಿನ ಲೇಬಲ್, ಸೊಳ್ಳೆ ಬತ್ತಿಯ ವಾಸನೆ ಚೆನ್ನಾಗಿ ತಲುಪುತ್ತವೆ. ಒಂದು ರಾತ್ರಿ ಅವನ ಜಾಗದಲ್ಲಿ ಮಲಗಿ ನೋಡಿ. ತಮಾಷೆ ಅಲ್ಲ, ನಾನು ಎಲ್ಲರಿಗೂ ಹೇಳುವುದೇ ಇದು.

3 ಗಂಟೆಗೆ ಏಳುವುದಕ್ಕೂ ಮೊಬೈಲಿಗೂ ಸಂಬಂಧ ಇದೆ. ರಾತ್ರಿ ನಾವೆಲ್ಲರೂ ನಾಲ್ಕಾರು ಸಲ ಅರೆಬರೆ ಎಚ್ಚರಾಗುತ್ತೇವೆ. ಮಲಗಿದಾಗ ಇದ್ದದ್ದೆಲ್ಲ ಹಾಗೇ ಇದ್ದರೆ ಮಗ್ಗುಲು ಬದಲಿಸಿ ಮಲಗುತ್ತೇವೆ. ರೈಮ್ಸ್ ನೋಡುತ್ತಾ ಮಲಗಿದ ಮಗು 3ಕ್ಕೆ ಕಣ್ಣು ಬಿಟ್ಟಾಗ ರೈಮ್ಸ್ ಇಲ್ಲ. ನೀವು ಹಾಲ್‌ನಲ್ಲಿ ಮಲಗಿ ಅಡುಗೆಮನೆಯಲ್ಲಿ ಎದ್ದರೆ ಹೇಗಿರುತ್ತೆ, ಹಾಗೆ.

ಹಾಗಾದರೆ ಏನು ಮಾಡುವುದು? ಎಲ್ಲರೂ ರಾತ್ರಿ ಬೇಗ ಮಲಗಿಸುವುದರಿಂದ ಶುರು ಮಾಡುತ್ತಾರೆ, ಮೂರು ಗಂಟೆ ಗುದ್ದಾಡುತ್ತಾರೆ, ಸೋಲುತ್ತಾರೆ. ನೀವು ಬೆಳಿಗ್ಗೆಯಿಂದ ಶುರು ಮಾಡಿ. ಒಂದು ವಾರ ಏನನ್ನೂ ಬದಲಿಸದೆ ಸುಮ್ನೆ ಬರೆದಿಡಿ: ಎಷ್ಟಕ್ಕೆ ಮಲಗಿದ, ಎದ್ದ, ಹಾಲು ಎಷ್ಟು, ಗೊರಕೆ ಇತ್ತಾ. ಕ್ಯಾಲೆಂಡರಿನ ಹಿಂಬದಿ ಸಾಕು. ಆಮೇಲೆ ಏಳುವ ಹೊತ್ತನ್ನು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತಂದು 7ಕ್ಕೆ ನಿಲ್ಲಿಸಿ. ರಾತ್ರಿ ಎಷ್ಟೇ ಗಲಾಟೆಯಾಗಿದ್ದರೂ 7 ಅಂದರೆ 7, ಭಾನುವಾರವೂ. ಎದ್ದ ತಕ್ಷಣ ಅಂಗಳಕ್ಕೋ ತಾರಸಿಗೋ ಅರ್ಧ ಗಂಟೆ. ಕಷ್ಟ ಅನ್ನಿಸುತ್ತದೆ, ರಾತ್ರಿಯಿಡೀ ಕುಣಿದ ಮಗು ಈಗ ಮಲಗಿದೆ, ನೀವೂ ಮಲಗುವ ಆಸೆ. ಆದರೆ ಇಡೀ ಚಿಕಿತ್ಸೆಯಲ್ಲಿ ಹೆಚ್ಚು ಕೆಲಸ ಮಾಡುವುದು ಇದೊಂದೇ.

ಮಧ್ಯಾಹ್ನದ ನಿದ್ದೆಯನ್ನು ಒಂದೂವರೆಗೆ ತಂದು ಮುಕ್ಕಾಲು ಗಂಟೆಗೆ ಇಳಿಸಿ. 3ರ ನಂತರ ಮಲಗಲು ಬಿಡಬೇಡಿ. ಕಾರಿನಲ್ಲಿ, ಬಸ್ಸಿನಲ್ಲಿ ಹತ್ತು ನಿಮಿಷ ತೂಕಡಿಸಿದರೂ ಅದು ನಿದ್ದೆಯೇ. ಸಂಜೆ ಕಾಫಿ, ಟೀ ಗುಟುಕು ಕೊಡುವ ತಾತಂದಿರು ನಿಮ್ಮ ಮನೆಯಲ್ಲಿದ್ದರೆ ಅವರಿಗೂ ಹೇಳಿ.

ರಾತ್ರಿ ಮಲಗಿಸುವ ಹೊತ್ತನ್ನು ಈಗಲೇ 9ಕ್ಕೆ ತರಬೇಡಿ. ಈಗ 1ಕ್ಕೆ ಮಲಗುತ್ತಾನಾ? ಹಾಸಿಗೆಗೆ ಕರೆದೊಯ್ಯುವುದೂ 12.45ಕ್ಕೆ. ವಿಚಿತ್ರ ಅನ್ನಿಸಬಹುದು. ಉದ್ದೇಶ ಇಷ್ಟೇ: ಹಾಸಿಗೆ ಕಂಡರೆ ಜಗಳ ಅಲ್ಲ, ನಿದ್ದೆ ನೆನಪಾಗಬೇಕು. ಇಪ್ಪತ್ತು ನಿಮಿಷದೊಳಗೆ ಮಲಗುವುದು ಎರಡು ಮೂರು ರಾತ್ರಿ ನಡೆದರೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಹೀಗೆ ಎರಡು ತಿಂಗಳಲ್ಲಿ 9.30ರ ಆಸುಪಾಸಿಗೆ ಬರಬಹುದು. ಮಧ್ಯೆ ಜಾರಿದರೆ ಒಂದು ಮೆಟ್ಟಿಲು ಕೆಳಗೆ ಬನ್ನಿ, ಅಷ್ಟೇ.

ಮಲಗುವ ಮುಂಚಿನ ಅರ್ಧ ಗಂಟೆ ದಿನಾ ಒಂದೇ ಥರ ಇರಲಿ. ಹಲ್ಲುಜ್ಜುವುದು, ಬಟ್ಟೆ ಬದಲಿಸುವುದು, ಕಾಲಿಗೆ ಎಣ್ಣೆ ತಿಕ್ಕುವುದು, ಹಾಸಿಗೆ. ಅವನು ಈ ನಾಲ್ಕನ್ನೂ ಮಾಡುವಾಗ ಒಂದೊಂದು ಫೋಟೊ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಮಾತಿಗಿಂತ ಚಿತ್ರ ಅವನಿಗೆ ಬೇಗ ಮುಟ್ಟುತ್ತದೆ. ಎಣ್ಣೆ ತಿಕ್ಕುವಾಗ ಗಟ್ಟಿಯಾಗಿ ಒತ್ತಿ, ಸವರಬೇಡಿ. ಮೆಲ್ಲಗೆ ಸವರಿದರೆ ಕೆಲವು ಮಕ್ಕಳಿಗೆ ಕಚಗುಳಿಯಾಗಿ ಎಚ್ಚರವೇ ಹೆಚ್ಚುತ್ತದೆ. ಟಿವಿ ಧಾರಾವಾಹಿ ಮುಗಿಯದೆ ಮನೆ ಮಲಗುವುದಿಲ್ಲ ಅನ್ನುವುದು ನನಗೂ ಗೊತ್ತು. ಅವನಿರುವ ಕೋಣೆಯಲ್ಲಾದರೂ ಬೆಳಕು ಇಳಿಸಿ. ಮೊಬೈಲನ್ನು ಒಂದೇ ಸಲ ಕಿತ್ತುಕೊಳ್ಳಬೇಡಿ. ಮೊದಲು ಸ್ಕ್ರೀನ್ ಮಗುಚಿ ಹಾಡು ಮಾತ್ರ, ಆಮೇಲೆ ಸದ್ದು ಕಡಿಮೆ, ಆಮೇಲೆ ನಿಮ್ಮ ಬಾಯಿಂದಲೇ ಅದೇ ಹಾಡು. ಒಟ್ಟಿಗೆ ಮಲಗುವುದನ್ನು ಬಿಡಿಸಬೇಕಿಲ್ಲ. ಬೇರೆ ರೂಮು, ಬೇರೆ ಮಂಚ ಎನ್ನುವುದು ಬೇರೆ ದೇಶದ ಪುಸ್ತಕಗಳ ಮಾತು. ನಿಮ್ಮ ಪಕ್ಕ ಮಲಗಿ 3ಕ್ಕೂ ನಿಮ್ಮ ಪಕ್ಕವೇ ಎದ್ದರೆ ತೊಂದರೆಯಿಲ್ಲ.

3ಕ್ಕೆ ಎದ್ದಾಗ ನೀವು ಬೋರು ಹೊಡೆಸುವ ಅಮ್ಮ ಆಗಬೇಕು. ಲೈಟಿಲ್ಲ, ಹಾಲಿಲ್ಲ, ಮೊಬೈಲಿಲ್ಲ, ಬೈಗುಳವೂ ಇಲ್ಲ. 'ಈಗ ರಾತ್ರಿ, ಮಲಗು ಕಂದ', ಅಷ್ಟೇ, ಪ್ರತಿ ಸಲವೂ ಅದೇ ಮಾತು. ಶುರುವಿನ ಮೂರು ನಾಲ್ಕು ರಾತ್ರಿ ಗಲಾಟೆ ಇನ್ನೂ ಜಾಸ್ತಿಯಾಗುತ್ತದೆ. ಅದನ್ನು ನೋಡಿ ಐದನೇ ರಾತ್ರಿ ಮೊಬೈಲ್ ಕೊಟ್ಟರೆ ಅವನು ಕಲಿಯುವ ಪಾಠ 'ಐದು ದಿನ ಅತ್ತರೆ ಸಿಗುತ್ತೆ' ಎಂದು. ಅದಕ್ಕೇ ಮನೆಯಲ್ಲಿ ಮದುವೆ, ಜಾತ್ರೆ ಇಲ್ಲದ ತಿಂಗಳು ನೋಡಿ ಶುರು ಮಾಡಿ, ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ.

ಈಗ ನೀವು ಕೇಳಿದ ವಸ್ತುಗಳು. ಕೆಮ್ಮಿನ ಸಿರಪ್ ಇವತ್ತೇ ನಿಲ್ಲಿಸಿ. ಅಂಥ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಅಲರ್ಜಿಯ ಔಷಧ, ಮಂಪರು ಅದರ ಅಡ್ಡ ಪರಿಣಾಮ. ಕೆಲವೇ ದಿನದಲ್ಲಿ ಮೈ ಒಗ್ಗಿಕೊಳ್ಳುತ್ತದೆ, ಡೋಸ್ ಏರಿಸುವ ಮನಸ್ಸಾಗುತ್ತದೆ. ಕೆಲವು ಮಕ್ಕಳಿಗೆ ಉಲ್ಟಾ ಆಗಿ ರಾತ್ರಿಯಿಡೀ ಹಾರಾಡುತ್ತಾರೆ. ಪ್ರೊಮೆಥಜಿನ್ ಎಂಬ ಔಷಧವನ್ನಂತೂ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟವೇ ಕುಗ್ಗಿದ ಉದಾಹರಣೆಗಳಿವೆ. ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಗಸಗಸೆ ಹಾಲು ಕೊಡುವುದು ನಮ್ಮ ಕಡೆ ಇದೆ. ಎರಡನ್ನೂ ಬಿಡಿ. ಜಾಯಿಕಾಯಿ ಜಾಸ್ತಿಯಾದರೆ ವಿಷ, ಗಸಗಸೆ ಬರುವುದು ಅಫೀಮಿನ ಗಿಡದಿಂದ, ಯಾವ ಬೀಜದಲ್ಲಿ ಎಷ್ಟು ಅಂಶ ಅಂಟಿದೆ ಎಂದು ಯಾರೂ ಅಳೆದು ಕೊಡುವುದಿಲ್ಲ. ದೃಷ್ಟಿ ತೆಗೆಯುವುದರಿಂದ ನಷ್ಟವಿಲ್ಲ, ಅತ್ತೆಯವರು ಮಾಡಲಿ. ರಾತ್ರಿ ಹನ್ನೆರಡಕ್ಕೆ ಬೇಡ, ಅಷ್ಟೇ.

ತೂಕದ ಹೊದಿಕೆಗೆ ದುಡ್ಡು ಹಾಕಬೇಡಿ. ಬ್ರಿಟನ್ನಿನಲ್ಲಿ ಆಟಿಸಂ ಇರುವ 67 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದ್ದರು, 2014ರಲ್ಲಿ ಫಲಿತಾಂಶ ಬಂತು. ಮಕ್ಕಳಿಗೂ ಅಪ್ಪ ಅಮ್ಮನಿಗೂ ಹೊದಿಕೆ ಇಷ್ಟವಾಯಿತು, ನಿದ್ದೆ ಮಾತ್ರ ಹೆಚ್ಚಲಿಲ್ಲ. ಅವರೆಲ್ಲ ಐದು ವರ್ಷ ದಾಟಿದವರು. ಇಷ್ಟು ಚಿಕ್ಕ ಮಗು ಅದರಡಿ ಸಿಕ್ಕಿಕೊಂಡರೆ ಉಸಿರಿಗೆ ಅಪಾಯ. ಭಾರ ಇಷ್ಟಪಡುವ ಮಗು ಅನ್ನಿಸಿದರೆ ಮನೆಯ ಹಳೆಯ ಕೌದಿಯನ್ನು ಮಡಚಿ ಕಾಲ ಮೇಲಷ್ಟೇ ಹಾಕಿ, ಅವನೇ ಒದ್ದು ತೆಗೆಯುವಷ್ಟು ಹಗುರವಿರಲಿ.

ಮೆಲಟೋನಿನ್ ವಿಷಯ ಬೇರೆ. ಅದು ಕೆಲಸ ಮಾಡುತ್ತದೆ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2020ರಲ್ಲಿ ಕೊಟ್ಟ ಸಲಹೆಯೂ ಇದೇ ಕ್ರಮ: ಮೊದಲು ದೇಹದ ಕಾರಣ ಹುಡುಕಿ, ನಂತರ ದಿನಚರಿ, ಅದೂ ಸಾಲದಿದ್ದರೆ ಮೆಲಟೋನಿನ್. ಬೇಗ ನಿದ್ದೆ ಹತ್ತಿಸಲು ಅದು ಚೆನ್ನಾಗಿ ಸಹಾಯ ಮಾಡುತ್ತದೆ, ನಡುರಾತ್ರಿ ಏಳುವುದಕ್ಕೆ ಸಾದಾ ಮಾತ್ರೆ ಅಷ್ಟಾಗಿ ಅಲ್ಲ. ನಿಧಾನವಾಗಿ ಬಿಡುಗಡೆಯಾಗುವ ಮಕ್ಕಳ ಮಾತ್ರೆಗೆ ಯುರೋಪಿನಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದನ್ನು ಎರಡು ವರ್ಷ ತೆಗೆದುಕೊಂಡ ಮಕ್ಕಳ ಬೆಳವಣಿಗೆಯಲ್ಲಿ ತೊಂದರೆ ಕಂಡಿಲ್ಲ. ಬೆಳಿಗ್ಗೆ ಮಂಪರು, ತಲೆನೋವು ಕೆಲವರಿಗೆ ಬರುತ್ತದೆ. ನನ್ನ ತಕರಾರು ಔಷಧದ ಮೇಲಲ್ಲ, ಗಮ್ಮಿಯ ಮೇಲೆ. ಅಮೆರಿಕದಲ್ಲಿ ಇದು ಔಷಧವಾಗಿ ಅಲ್ಲ, ಪೂರಕ ಆಹಾರವಾಗಿ ಮಾರಾಟವಾಗುತ್ತದೆ. ಅಲ್ಲಿನ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದ 2023ರ ವರದಿಯಲ್ಲಿ 22ರ ಲೇಬಲ್ ತಪ್ಪಾಗಿತ್ತು. ಬರೆದದ್ದಕ್ಕಿಂತ ಮೂರು ಪಟ್ಟು ಮೆಲಟೋನಿನ್ ಇದ್ದದ್ದೂ ಉಂಟು. ಮೇಲಾಗಿ ಅದು ಚಾಕೊಲೇಟಿನ ಹಾಗೆ ಸಿಹಿ, ಡಬ್ಬ ಸಿಕ್ಕರೆ ಮಗು ಖಾಲಿ ಮಾಡುತ್ತದೆ. ನಾದಿನಿಗೆ ಬೇಡ ಎನ್ನಿ. ದಿನಚರಿ ಆರಂಭಿಸಿ ಒಂದು ತಿಂಗಳಾದರೂ ಸುಧಾರಣೆ ಕಾಣದಿದ್ದರೆ ಮಕ್ಕಳ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಕಡಿಮೆ ಡೋಸ್, ಮಲಗುವ ಅರ್ಧದಿಂದ ಒಂದು ಗಂಟೆ ಮೊದಲು. ಮಾತ್ರೆ ಕೊಟ್ಟು ಮೊಬೈಲನ್ನೂ ಕೊಟ್ಟರೆ ಎರಡೂ ವ್ಯರ್ಥ.

ಎಲ್ಲಿಗೆ ಹೋಗುವುದು ಎಂದರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆಂದೇ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಎಂದು ಒಂದಿರುತ್ತದೆ, ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರ. ಫಿಟ್ಸ್ ಅನುಮಾನ ಬಂದರೆ ಬೆಂಗಳೂರಿನ ನಿಮ್ಹಾನ್ಸ್.

ಇನ್ನು ನಿಮ್ಮ ನಿದ್ದೆ. ಇಬ್ಬರೂ ಎದ್ದು ಕೂರುವುದರಲ್ಲಿ ಅರ್ಥವಿಲ್ಲ. ಒಂದು ರಾತ್ರಿ ಪೂರ್ತಿ ನೀವು, ಮರುರಾತ್ರಿ ಮಗುವಿನ ಅಪ್ಪ, ಹೀಗೆ ಪಾಳಿ ಮಾಡಿಕೊಳ್ಳಿ. ಅಪ್ಪನ ಪಾಳಿಯಲ್ಲಿ ನೀವು ಬೇರೆ ಕೋಣೆಯಲ್ಲಿ ಮಲಗಿ, ಪಕ್ಕದಲ್ಲೇ ಮಲಗಿದರೆ ಅವನು ನಿಮ್ಮನ್ನೇ ಎಬ್ಬಿಸುತ್ತಾನೆ. ಮುಂಬಾಗಿಲಿಗೆ ಅವನ ಕೈಗೆ ಎಟುಕದ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ನಡುರಾತ್ರಿ ಎದ್ದು ಹೊರಗೆ ನಡೆದುಬಿಡುವುದು, ನೀರಿನ ಕಡೆಗೇ ಹೋಗುವುದು ಈ ಮಕ್ಕಳಲ್ಲಿ ಹೆಚ್ಚು. ಈ ವಾರ ಬೇರೇನು ಆಗದಿದ್ದರೂ ಇದು ಆಗಲಿ.

ಡಾಕ್ಟರ ಹತ್ತಿರ ಹೋಗುವಾಗ ಒಂದು ವಾರದ ಬರಹದ ಜೊತೆ ಎರಡು ವಿಡಿಯೊ ತೆಗೆದುಕೊಂಡು ಹೋಗಿ: ಮಲಗಿದಾಗಿನ ಕಾಲು, 3 ಗಂಟೆಯ ನಗು. ಒಂದೊಂದು ನಿಮಿಷ ಸಾಕು. ಸ್ಕ್ರೀನಿನ ಬೆಳಕು ಅವನ ಕಡೆ ತಿರುಗದ ಹಾಗೆ ಹಿಡಿಯಿರಿ. ನಿಮ್ಮ ಕೈಯಲ್ಲಿ ಮೊಬೈಲ್ ಕಂಡರೆ ಆ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ.